ಯಾರ ಶಾಂತಿ?

ಹೊನ್ನಾವರದ ಬಳಿ ಶರಾವತಿ ಕಡಲು ಸೇರುವಲ್ಲಿ ಕಾಸರಕೋಡ ಇದೆ. ಅಲ್ಲಿನ ಟೊಂಕದ ಮರಳಿನಲ್ಲಿ ಹೆಂಗಸರು ಮೀನು ಒಣಗಿಸುತ್ತಾರೆ, ಕಡಲಾಮೆ ಮೊಟ್ಟೆಯಿಡಲು ಬರುತ್ತದೆ. ಇಲ್ಲಿ ಖಾಸಗಿ ವಾಣಿಜ್ಯ ಬಂದರು ಬೇಡ ಎಂದು ಮೀನುಗಾರರು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. 2025ರ ಫೆಬ್ರುವರಿಯಲ್ಲಿ ಬಂದರು ರಸ್ತೆಯ ಸರ್ವೆಯ ಜೊತೆಗೇ ನಿಷೇಧಾಜ್ಞೆಯೂ ಬಂತು. ವಿರೋಧಿಸಿದವರನ್ನು ಪೊಲೀಸರು ಹಿಡಿದೊಯ್ದರು.

ಇದು ಸಾಹಿತ್ಯ ವಿಮರ್ಶೆಯ ವಿಷಯವೇ ಎಂದು ಕೇಳುವವರಿದ್ದಾರೆ. ಟೊಂಕದವರು ದಲಿತರಲ್ಲವಲ್ಲ ಎಂದೂ ಕೇಳಬಹುದು. ಕೇಳಲಿ. ನಮ್ಮಲ್ಲಿ ವಾಕ್ ಸ್ವಾತಂತ್ರ್ಯದ ಚರ್ಚೆ ಏಳುವುದೇ ಪುಸ್ತಕವೊಂದು ಮುಟ್ಟುಗೋಲಾದಾಗ. ಅಚ್ಚಾದ ಮಾತಿಗೆ ಅಳುವವರಿದ್ದಾರೆ. ಅಚ್ಚಿನ ಮನೆಯ ಬಾಗಿಲನ್ನೇ ಕಾಣದ, ಬೀದಿಗಿಳಿದೇ ಆಡಬೇಕಾದ ಮಾತಿಗೆ ಯಾರಿದ್ದಾರೆ? ಐದಕ್ಕಿಂತ ಹೆಚ್ಚು ಜನ ಸೇರಬಾರದು ಎನ್ನುವುದು ಇಂಥ ಆಜ್ಞೆಗಳ ರೂಢಿಯ ವಾಕ್ಯ. ಲೇಖಕನಿಗೆ ಇದರಿಂದ ಏನೂ ಆಗುವುದಿಲ್ಲ, ಅವನು ಒಬ್ಬನೇ ಕೂತು ಬರೆಯುವವನು. ಗುಂಪಾಗಿ ನಿಂತರಷ್ಟೇ ದನಿ ಕೇಳಿಸುವವರ ಬಾಯಿಗೆ ಮಾತ್ರ ಅದು ಬಟ್ಟೆ ತುರುಕುತ್ತದೆ.

ಆಜ್ಞೆಯನ್ನೇ ಒಂದು ಪಠ್ಯವಾಗಿ ಓದಿ ನೋಡೋಣ. ಬ್ರಿಟಿಷರು ಬಿಟ್ಟುಹೋದ 144ನೇ ಕಲಮು 2024ರ ಜುಲೈಯಿಂದ ನಾಗರಿಕ ಸುರಕ್ಷಾ ಸಂಹಿತೆಯ 163 ಆಗಿದೆ. ನಂಬರು ಬದಲಾಯಿತು, ಅಷ್ಟೆ. ತುರ್ತು ಎಂದು ಅಧಿಕಾರಿಗೆ ಅನ್ನಿಸಿದರೆ ಎದುರಿನವರನ್ನು ಕೇಳದೆಯೇ ಹೊರಡಿಸಬಹುದು. ಎರಡು ತಿಂಗಳು ಜಾರಿಯಲ್ಲಿಡಬಹುದು. ಇಡೀ ಪಠ್ಯ ನಿಂತಿರುವುದು 'ಶಾಂತಿ' ಎಂಬ ಒಂದು ಪದದ ಮೇಲೆ.

ಈ ಪದದ ಪರಿಚಯ ದಲಿತರಿಗೆ ಹಳೆಯದು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ, ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಅದೊಂದು ವಿಮರ್ಶೆಯ ಮಾತು. ಒರಟಾಗಿತ್ತು, ತಪ್ಪೂ ಇರಬಹುದು. ಉತ್ತರ ಕೊಡುವುದಿದ್ದರೆ ವಿಮರ್ಶೆಯಲ್ಲೇ ಕೊಡಬೇಕಿತ್ತು. ಗಲಭೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಯಾಯಿತು. ಕಲ್ಲು ಹಿಡಿದವರು ಯಾರೋ, ಕುರ್ಚಿ ಕಳೆದುಕೊಂಡವರು ಬಸವಲಿಂಗಪ್ಪ. ಆ ಸಿಟ್ಟಿನಿಂದಲೇ ದಲಿತ ಸಂಘರ್ಷ ಸಮಿತಿ ಬೆಳೆಯಿತು ಎಂಬುದು ಬೇರೆ ಮಾತು. 1988ರಲ್ಲಿ ಮಹಾರಾಷ್ಟ್ರದಲ್ಲೂ ಇದೇ ಕತೆ. ಸರ್ಕಾರ ತಾನೇ ಪ್ರಕಟಿಸಿದ ಅಂಬೇಡ್ಕರ್ ಸಂಪುಟದಿಂದ ರಾಮ-ಕೃಷ್ಣರ ಕುರಿತ ಅನುಬಂಧವನ್ನು ಶಿವಸೇನೆಯ ಗಲಾಟೆಗೆ ಅಂಜಿ ತೆಗೆಯಹೊರಟಿತು. ದಲಿತರು ಮುಂಬಯಿಯ ಬೀದಿ ತುಂಬಿದ ಮೇಲೆ, ಇದು ಸರ್ಕಾರದ ಅಭಿಪ್ರಾಯವಲ್ಲ ಎಂಬ ಟಿಪ್ಪಣಿಯ ಜೊತೆ ಅದು ಉಳಿಯಿತು. ಬಾಬಾಸಾಹೇಬರ ಮಾತೂ ಉಳಿಯಲು ಗುಂಪು ಕೂಡಬೇಕಾಯಿತು.

ಹಾಗಾದರೆ ಯಾವ ಮಾತಿಗೂ ಕಡಿವಾಣ ಬೇಡವೇ? ಇಲ್ಲಿ ನಾವು ಉದಾರವಾದಿಗಳ ಜೊತೆ ಪೂರ್ತಿ ಹೋಗಲಾರೆವು. ಜಾತಿ ಹಿಡಿದು ಬೈಯುವುದೂ ಮಾತೇ ತಾನೆ? 1989ರ ದೌರ್ಜನ್ಯ ತಡೆ ಕಾಯ್ದೆ ಸಾರ್ವಜನಿಕರ ಎದುರು ಹಾಗೆ ಅವಮಾನಿಸುವುದನ್ನು ಅಪರಾಧ ಎನ್ನುತ್ತದೆ. ಆ ಕಾಯ್ದೆ ನಮಗೆ ಬೇಕು. ಹೀಗೆ ಒಂದು ಕೈಯಲ್ಲಿ ಕಾಯ್ದೆ ಹಿಡಿದು ಇನ್ನೊಂದು ಕೈಯಲ್ಲಿ ನಿಷೇಧ ವಿರೋಧಿಸುವುದು ಇಬ್ಬಂದಿತನ ಎಂದು ಗೆಳೆಯರೇ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಕಾಯ್ದೆಯಲ್ಲಿ ಆಡಿದವನೊಬ್ಬ ಇರುತ್ತಾನೆ, ಆಡಿದ ಮಾತಿರುತ್ತದೆ, ನೊಂದವನಿರುತ್ತಾನೆ, ಕೋರ್ಟಿನಲ್ಲಿ ಸಾಬೀತಾಗಬೇಕು. ನಿಷೇಧಾಜ್ಞೆಗೆ ಇದ್ಯಾವುದೂ ಬೇಡ. ಆಡಬಹುದಾದ ಮಾತಿಗೆ, ಇನ್ನೂ ಆಡದವರ ಬಾಯಿಗೆ, ಇಡೀ ದಡಕ್ಕೇ ಅದು ಒಟ್ಟಿಗೆ ಅನ್ವಯಿಸುತ್ತದೆ. ಟೊಂಕದವರ ಮಾತಾದರೂ ಏನಿತ್ತು? ಬಂದರು ಬೇಡ, ಇಲ್ಲಿ ಮೀನು ಒಣಗಿಸಬೇಕು.