ಹದಿನೈದು ದಿನದ ಗುಳಿಗೆ

ವಿದೇಶದಲ್ಲಿ ವೃತ್ತಿ ನಡೆಸುವ ವೈದ್ಯರು ತಮ್ಮ ವಾರ್ಷಿಕ ರಜೆಯನ್ನು ಹಳ್ಳಿಗಳ ಉಚಿತ ಚಿಕಿತ್ಸಾ ಶಿಬಿರಗಳಲ್ಲಿ ಕಳೆಯುವ ಪದ್ಧತಿಗೆ ಉತ್ತರ ಕರ್ನಾಟಕದಲ್ಲಿ ದೊರೆತಿರುವ ಗೌರವ ಅದರ ಯೋಗ್ಯತೆಗಿಂತ ಬಹಳ ದೊಡ್ಡದು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಭಾಗದ ಓದುಗರಿಗೆ ಶಿಬಿರದ ರೂಪವನ್ನು ವಿವರಿಸಬೇಕಾಗಿಲ್ಲ: ಶಾಲೆಯ ಅಂಗಳ ಅಥವಾ ಮಠದ ಆವರಣ, ಶಾಮಿಯಾನ, ವೇದಿಕೆಯ ಮೇಲೆ ಸ್ವಾಮಿಗಳು ಮತ್ತು ಶಾಸಕರು, ಮರುದಿನದ ಪತ್ರಿಕೆಯಲ್ಲಿ ತಪಾಸಣೆಗೊಳಗಾದವರ ಸಂಖ್ಯೆ. ಬಂದವರ ಉದ್ದೇಶದ ಪ್ರಾಮಾಣಿಕತೆಯನ್ನು ಒಪ್ಪಿಕೊಂಡು ಮುಂದುವರಿಯಬಹುದು. ಪರಿಶೀಲನೆಗೆ ಒಳಗಾಗಬೇಕಾದದ್ದು ಆ ಮರುದಿನದ ಸಂಖ್ಯೆ.

ಸಂಖ್ಯೆಗೆ ಈ ಪ್ರತಿಷ್ಠೆ ಎಲ್ಲಿಂದ ಬಂತೆಂದು ಹುಡುಕಹೊರಟವರು ಬೀಳಗಿಯಲ್ಲಿ ಹುಟ್ಟಿದ ನೇತ್ರತಜ್ಞ ಡಾ. ಎಂ. ಸಿ. ಮೋದಿಯವರ ಬಳಿಗೆ ಬರಲೇಬೇಕು. 1943ರಿಂದ ಊರೂರು ಸುತ್ತಿ ಶಿಬಿರ ನಡೆಸಿದ ಅವರು 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆಗಳನ್ನು ಮಾಡಿದರು. 1993ರ ಫೆಬ್ರವರಿಯವರೆಗೆ ಅವರು ಮಾಡಿದ ಶಸ್ತ್ರಚಿಕಿತ್ಸೆಗಳ ಒಟ್ಟು ಲೆಕ್ಕವನ್ನು ಗಿನ್ನೆಸ್ ದಾಖಲೆ ಪುಸ್ತಕ 6,10,564 ಎಂದು ಕೊಟ್ಟಿತು. ಮೋದಿಯವರನ್ನು ಕುರಿತ ಪ್ರಶಂಸೆಯೆಲ್ಲ ಈ 833ರ ಸುತ್ತಲೇ ಸುತ್ತುತ್ತದೆಯಾದರೂ ಅದು ಅಳೆಯುವುದು ಏನನ್ನು ಎಂಬುದನ್ನು ಯಾರೂ ನಿಂತು ಕೇಳಿದಂತಿಲ್ಲ. ಕಣ್ಣೊಳಗೆ ಬೆಳಕನ್ನು ಕೂಡಿಸಿ ಬಿಂಬ ಮೂಡಿಸುವ ಪಾರದರ್ಶಕ ಭಾಗಕ್ಕೆ ಮಸೂರವೆಂದು ಹೆಸರು. ಅದು ಮಂಜಾಗುವುದೇ ಪೊರೆ. ಅಂದಿನ ಶಿಬಿರಗಳಲ್ಲಿ ಮಂಜಾದ ಮಸೂರವನ್ನು ತೆಗೆಯಲಾಗುತ್ತಿತ್ತೇ ಹೊರತು ಅದರ ಜಾಗದಲ್ಲಿ ಕೃತಕ ಮಸೂರವನ್ನು ಕೂರಿಸುವ ವಿಧಾನ ಹಳ್ಳಿಗೆ ಇನ್ನೂ ಬಂದಿರಲಿಲ್ಲವಾದ್ದರಿಂದ, ರೋಗಿಯ ದೃಷ್ಟಿ ನಿಂತಿದ್ದದ್ದು ಸುಮಾರು ಹತ್ತು ಡಯಾಪ್ಟರ್‌ನ, ಅಂದರೆ ಬೆಳಕನ್ನು ಬಾಗಿಸುವ ಶಕ್ತಿಯನ್ನು ಅಳೆಯುವ ಮಾನದಲ್ಲಿ ಅಷ್ಟು ಬಲದ, ದಪ್ಪ ಕನ್ನಡಕದ ಮೇಲೆ. ಎರೆ ಹೊಲದಲ್ಲಿ ಹತ್ತಿ ಬಿಡಿಸುವಾಗಲೋ ಬಂಡಿ ಹೂಡುವಾಗಲೋ ಆ ಕನ್ನಡಕ ಬಿದ್ದು ಒಡೆದರೆ, ಹೊಸದನ್ನು ಕೊಳ್ಳಲು ಶಕ್ತಿಯಿಲ್ಲದ ಮನುಷ್ಯ ಎರಡನೆಯ ಸಲ ಕುರುಡನಾಗುತ್ತಿದ್ದ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಅವನು ಕಣ್ಣು ಬಂದವನಾಗಿಯೇ ಉಳಿಯುತ್ತಿದ್ದ. ಅಂಧತ್ವ ನಿಯಂತ್ರಣಕ್ಕಾಗಿ 1976ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವು ಮುಂದೆ ಹಳ್ಳಿಯಲ್ಲಿ ತಪಾಸಣೆ, ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಎಂಬ ಕ್ರಮಕ್ಕೆ ಹೊರಳಿದ್ದು ಶಿಬಿರದ ಈ ಮಿತಿಯನ್ನು ಕಂಡೇ. ಮೋದಿಯವರ ನಿಜವಾದ ದೊಡ್ಡತನ ಅವರು ದಶಕಗಳ ಕಾಲ ಬಿಡದೆ ತಿರುಗಿದ್ದರಲ್ಲಿದೆ. ರಜೆಯ ಶಿಬಿರ ಅವರಿಂದ ಸಂಖ್ಯೆಯನ್ನು ಎತ್ತಿಕೊಂಡಿತು, ತಿರುಗಾಟವನ್ನು ಬಿಟ್ಟುಕೊಟ್ಟಿತು.

ಇಂದಿನ ಶಿಬಿರದ ಮುಂದೆ ಬಂದು ಕೂರುವ ರೋಗಗಳಾದರೂ ಒಂದು ದಿನದಲ್ಲಿ ಮುಗಿಯುವಂಥವಲ್ಲ. ರಕ್ತದೊತ್ತಡ ಮತ್ತು ಮಧುಮೇಹ, ಹಳ್ಳಿಯ ಮಾತಿನಲ್ಲಿ ಬಿ.ಪಿ. ಮತ್ತು ಶುಗರ್, ಬದುಕಿರುವವರೆಗೂ ಹತೋಟಿಯಲ್ಲಿಟ್ಟುಕೊಳ್ಳಬೇಕಾದ ರೋಗಗಳಾಗಿದ್ದು, ಹದಿನೈದು ದಿನಕ್ಕಾಗುವಷ್ಟು ಗುಳಿಗೆಯನ್ನು ಕಾಗದದ ಪೊಟ್ಟಣದಲ್ಲಿ ಕೊಟ್ಟು ಕಳಿಸುವುದರಿಂದ ಹದಿನಾರನೆಯ ದಿನದ ಪ್ರಶ್ನೆಯಷ್ಟೇ ಹುಟ್ಟುತ್ತದೆ. ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದರಂತೆ ಇರಬೇಕಾದ ಪ್ರಾಥಮಿಕ ಆರೋಗ್ಯ ಕೇಂದ್ರದ ರಿಜಿಸ್ಟರಿಗೆ ಶಿಬಿರದ ಚೀಟಿ ತಲುಪುವ ವ್ಯವಸ್ಥೆ ಇಲ್ಲದಿದ್ದರೆ, ಅಲ್ಲಿನ ವೈದ್ಯರಿಗೆ ತಮ್ಮದೇ ಊರಿನ ರೋಗಿ ಯಾವ ಔಷಧಿ ನುಂಗುತ್ತಿದ್ದಾನೆಂದು ತಿಳಿಯುವ ದಾರಿಯೇ ಇರುವುದಿಲ್ಲ. ಮನೆಮನೆಯ ಆರೋಗ್ಯದ ವಿವರವನ್ನು ಬಲ್ಲ ಆಶಾ ಕಾರ್ಯಕರ್ತೆಗೆ ಶಿಬಿರದಲ್ಲಿ ಸಿಗುವ ಪಾತ್ರ ಜನರನ್ನು ಕರೆತರುವುದು ಮತ್ತು ಸಾಲು ಹಚ್ಚುವುದು. ‘ಫಾರಿನ್ ಡಾಕ್ಟರ’ ಗುಳಿಗೆ ನುಂಗಿದವರಿಗೆ ಆನಂತರ ಸರಕಾರಿ ದವಾಖಾನೆಯ ಗುಳಿಗೆ ಸಪ್ಪೆಯೆನಿಸಿದರೆ ಆ ಹಾನಿಯೂ ಯಾವ ವರದಿಯಲ್ಲಿಯೂ ಬರುವುದಿಲ್ಲ.

ಈ ಪದ್ಧತಿಯನ್ನು ಟೀಕಿಸುವವರಲ್ಲಿಯೂ ಒಂದು ಸೋಮಾರಿತನ ಬೆಳೆದಿದ್ದು, ಅದನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಸೇವಾಪ್ರವಾಸದ ಮಾತು ಬಂದೊಡನೆ ಅವರು ಚಿಂತಕ ಇವಾನ್ ಇಲಿಚ್‌ನನ್ನು ಮುಂದಿಡುತ್ತಾರೆ. ಮೋದಿಯವರು ತಿರುಪತಿಯಲ್ಲಿ 833ರ ದಾಖಲೆ ಮಾಡಿದ ವರ್ಷವೇ, ಅಂದರೆ 1968ರ ಏಪ್ರಿಲ್‌ನಲ್ಲಿ, ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ ಅಮೆರಿಕದ ಸ್ವಯಂಸೇವಕ ವಿದ್ಯಾರ್ಥಿಗಳನ್ನು ಎದುರಿಗೆ ಕೂರಿಸಿಕೊಂಡು ಇಲಿಚ್, ನೋಡಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಎಂಬ ಅರ್ಥದ ಮಾತಾಡಿದ್ದ. ಅವನ ಆಕ್ಷೇಪ ನಿಂತಿದ್ದದ್ದು ಬಂದವರಿಗೆ ಅಲ್ಲಿನ ಬಡವರ ಭಾಷೆಯಾಗಲಿ ಬದುಕಾಗಲಿ ತಿಳಿಯದು ಎಂಬುದರ ಮೇಲೆ. ಅದೇ ಆಕ್ಷೇಪವನ್ನು ಧಾರವಾಡದ ಆಡುಮಾತಿನಲ್ಲಿಯೇ ಬೆಳೆದು, ‘ಎಲ್ಲಿ ನೋಯ್ತೈತಿ ಯವ್ವಾ’ ಎಂದು ಕೇಳಬಲ್ಲ ವೈದ್ಯನ ಮೇಲೆ ಹೇರಿದರೆ ಅದು ಜಾರಿಬೀಳುತ್ತದೆ. ಅವನಿಗೆ ಭಾಷೆ ಇದೆ, ಬಂಧುಬಳಗವಿದೆ, ಇಲ್ಲದಿರುವುದು ದಿನಗಳು. ಭಾಷೆಯ ಕೊರತೆಗೆ ಬರೆದ ಟೀಕೆಯನ್ನು ಕಾಲದ ಕೊರತೆಗೆ ಅಂಟಿಸಿದ್ದರಿಂದ ಇಲಿಚ್‌ವಾದಿಗಳು ಶಿಬಿರದವರಿಗೆ ಸುಲಭದ ಉತ್ತರವನ್ನು ತಾವೇ ಒದಗಿಸಿಕೊಟ್ಟಿದ್ದಾರೆ.

ಎದುರು ಪಕ್ಷದವರು ಡಾ. ದ್ವಾರಕಾನಾಥ ಕೋಟ್ನಿಸ್ ಅವರನ್ನು ಈ ಪದ್ಧತಿಯ ಮೂಲಪುರುಷನೆಂದು ಕರೆಯುವುದು ಇನ್ನೂ ದೊಡ್ಡ ತಪ್ಪು. ಕನ್ನಡದ ಗಡಿಯ ಸೊಲ್ಲಾಪುರದಲ್ಲಿ ಹುಟ್ಟಿದ ಕೋಟ್ನಿಸ್, ಕಾಂಗ್ರೆಸ್ 1938ರಲ್ಲಿ ಚೀನಾಕ್ಕೆ ಕಳಿಸಿದ ಐವರು ವೈದ್ಯರಲ್ಲಿ ಒಬ್ಬರು. ಉಳಿದ ನಾಲ್ವರು ಮರಳಿದರೂ ಅವರು ಅಲ್ಲಿಯೇ ನಿಂತು, ಚೀನೀ ಭಾಷೆ ಕಲಿತು, 1941ರಲ್ಲಿ ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮುಖ್ಯಸ್ಥರಾಗಿ, 1942ರ ಡಿಸೆಂಬರ್ 9ರಂದು ಅಲ್ಲಿಯೇ ತೀರಿಕೊಂಡರು. ನಿರ್ದೇಶಕ ವಿ. ಶಾಂತಾರಾಮರ 1946ರ ಚಲನಚಿತ್ರ ಅವರ ತ್ಯಾಗವನ್ನು ಮನೆಮಾತಾಗಿಸಿದ್ದರಿಂದ ಅವರು ಒಂದು ಆಸ್ಪತ್ರೆಯನ್ನು ನಡೆಸಿದ್ದರೆಂಬ ಸಂಗತಿ ಹಿಂದೆ ಸರಿಯಿತು. ಅವರ ಹೆಸರಿನಲ್ಲಿ ಮೂರು ವಾರದ ರಜೆಯನ್ನು ಸಮರ್ಥಿಸುವುದು ಸಲ್ಲದು.

ಬರುವ ಡಿಸೆಂಬರಿನಲ್ಲಿ ನವಲಗುಂದಕ್ಕೋ ಕುಂದಗೋಳಕ್ಕೋ ಬರಲಿರುವ ವೈದ್ಯರು ಶಾಮಿಯಾನಕ್ಕೆ ಮುಂಗಡ ಕೊಡುವ ಮೊದಲು ಆ ಊರಿನ ಆರೋಗ್ಯ ಕೇಂದ್ರದ ರಿಜಿಸ್ಟರನ್ನು ತೆರೆಸಿ, ಕಳೆದ ಶಿಬಿರದಲ್ಲಿ ಗುಳಿಗೆ ಪಡೆದವರಲ್ಲಿ ಎಷ್ಟು ಮಂದಿಯ ಹೆಸರು ಅದರಲ್ಲಿದೆಯೆಂದು ಎಣಿಸಲಿ, ಆ ಸಂಖ್ಯೆಯನ್ನೂ ಪತ್ರಿಕೆಗೆ ಕೊಡಲಿ.