ಪೆರಿಗ್ರಿನ್ ಮತ್ತು ಪರದೇಶಿ

ಇಂಗ್ಲಿಷಿನಲ್ಲಿ 'ಪೆರಿಗ್ರಿನ್' ಅನ್ನುವ ಒಂದು ಅಪರೂಪದ ಗುಣವಾಚಕವಿದೆ. ಪಕ್ಷಿ ನೋಡುವ ಹವ್ಯಾಸದವರಿಗೆ ಪೆರಿಗ್ರಿನ್ ಫಾಲ್ಕನ್ ಎಂಬ ಡೇಗೆಯಿಂದಾಗಿ ಅದು ಗೊತ್ತಿರಬಹುದು, ಅಷ್ಟೆ. ಹೊರನಾಡಿನಿಂದ ಬಂದ, ಅಲೆಯುವ ಎಂಬುದು ಅದರ ಅರ್ಥ. ಕನ್ನಡಕ್ಕೆ ತರಬೇಕೆಂದರೆ ಥಟ್ಟನೆ ನಾಲಿಗೆಗೆ ಬರುವುದು 'ಪರದೇಶಿ'. ಅಕ್ಷರಾರ್ಥ ಸರಿಯಾಗಿಯೇ ಇದೆ. ಆದರೆ ಆ ಅನುವಾದ ನಿಲ್ಲುವುದಿಲ್ಲ. ಯಾಕೆ ಎಂಬುದು ಊರು ಬಿಟ್ಟ ನಮ್ಮಂಥವರಿಗೆ ಬರೀ ನಿಘಂಟಿನ ಪ್ರಶ್ನೆಯಲ್ಲ.

ಮೂಲ ಲ್ಯಾಟಿನ್. 'ಆಗೆರ್' ಅಂದರೆ ಹೊಲ, ನೆಲ. 'ಪೆರ್' ಅಂದರೆ ಮೂಲಕ, ಆಚೆಗೆ. ತನ್ನ ನೆಲ ದಾಟಿ ಬಂದವನು 'ಪೆರೆಗ್ರಿನುಸ್'. ಮುಂದೆ ಜನರ ಬಾಯಲ್ಲಿ ಮೊದಲ 'ರ'ಕಾರ 'ಲ'ಕಾರವಾಗಿ, ಫ್ರೆಂಚಿನ ದಾರಿಯಲ್ಲಿ ಇಂಗ್ಲಿಷಿಗೆ ಬಂದು 'ಪಿಲ್‌ಗ್ರಿಮ್', ಅಂದರೆ ಯಾತ್ರಿಕ ಆಯಿತು. ಹಕ್ಕಿಗೆ ಆ ಹೆಸರು ಬಂದದ್ದು, ಅದನ್ನು ಬೇಟೆಗೆ ಪಳಗಿಸುವವರು ಗೂಡಿನಿಂದ ತೆಗೆಯದೆ, ಸಂಚಾರದಲ್ಲಿದ್ದಾಗ ಹಿಡಿಯುತ್ತಿದ್ದರೆಂಬ ಕಾರಣಕ್ಕೆ. ಒಂದೇ ಬೇರಿನಿಂದ ಒಬ್ಬನಿಗೆ ಪುಣ್ಯ ಬಂತು, ಇನ್ನೊಂದಕ್ಕೆ ರೆಕ್ಕೆ ಬಂತು. ನಮ್ಮ ಪರದೇಶಿಗೆ ಬಂದದ್ದೇನು? ಕರುಣೆ. "ಅಯ್ಯೋ, ಪರದೇಶಿ ಆಗಿಬಿಟ್ಟ" ಅಂದರೆ ದಿಕ್ಕಿಲ್ಲದವನಾದ ಎಂದೇ ಅರ್ಥ. ಸಿಟ್ಟಿನಲ್ಲಿ ಅದೇ ಮಾತು ಬೈಗುಳ.

ಪದ ಸ್ವತಃ ಇಷ್ಟು ಬಡವಾಗಿಲ್ಲ, ನೋಡಿ. ಮರಾಠಿಯಲ್ಲಿ ಪರದೇಶಿ ಎಂದರೆ ವಿದೇಶದವನು. ಹಿಂದಿ ಹಾಡುಗಳ ಪರದೇಸಿ ಬಿಟ್ಟುಹೋದ ಪ್ರಿಯಕರ. ತಮಿಳಿನಲ್ಲಿ ನಮ್ಮ ಹಾಗೆಯೇ ತಿರುಕನ ಛಾಯೆ ಇದೆ; ಚಹಾ ತೋಟದ ಕೂಲಿಗಳ ಬದುಕು ಕುರಿತ ಬಾಲಾ ಅವರ 2013ರ ಚಿತ್ರಕ್ಕೆ ಅದೇ ಹೆಸರು. ಆದರೆ ಕೊಚ್ಚಿಗೆ ಹೋಗಿ: 1568ರಲ್ಲಿ ಕಟ್ಟಿದ ಯಹೂದಿಗಳ ಪ್ರಾರ್ಥನಾಮಂದಿರದ ಹೆಸರೇ ಪರದೇಶಿ ಸಿನಗಾಗ್. ಅಲ್ಲಿ ಅದು ಒಂದು ಸಮುದಾಯದ ಗುರುತು. ಆದರೂ ಒಂದು ಮಾತು ಕಾಡುತ್ತದೆ. ನಾಲ್ಕು ಶತಮಾನ ದಾಟಿದರೂ ಆ ಹೆಸರು ಹೋಗಲಿಲ್ಲ. ಎಷ್ಟು ವರ್ಷ ಇದ್ದರೆ ಒಬ್ಬ ಪರದೇಶಿಯಾಗುವುದು ನಿಲ್ಲುತ್ತಾನೆ?

ರೋಮ್ ಇದಕ್ಕೆ ಕಾನೂನಿನ ಉತ್ತರ ಕೊಟ್ಟಿತು. ಅಲ್ಲಿ ಪೆರೆಗ್ರಿನುಸ್ ಗುಲಾಮನಲ್ಲ, ಭಿಕ್ಷುಕನೂ ಅಲ್ಲ. ಸ್ವತಂತ್ರ, ಆದರೆ ಪೌರನಲ್ಲ. ಅವನ ವ್ಯಾಜ್ಯಗಳಿಗೆಂದು ಕ್ರಿ.ಪೂ. 242ರ ಸುಮಾರಿನಲ್ಲಿ ಪ್ರತ್ಯೇಕ ನ್ಯಾಯಾಧಿಕಾರಿಯನ್ನೇ ನೇಮಿಸಿದರು. ಕ್ರಿ.ಶ. 212ರಲ್ಲಿ ಚಕ್ರವರ್ತಿ ಕ್ಯಾರಕಲ್ಲಾ ಸಾಮ್ರಾಜ್ಯದ ಬಹುತೇಕ ಎಲ್ಲ ಸ್ವತಂತ್ರ ಜನರಿಗೂ ಪೌರತ್ವ ಕೊಟ್ಟ. ನಮ್ಮ ಸಂವಿಧಾನದ 19ನೇ ವಿಧಿ ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕು ಕೊಟ್ಟಿದೆ. ಅಂದಮೇಲೆ ಮುಂಬೈ, ಪುಣೆಯ ಕನ್ನಡಿಗ ಕಾನೂನಿನಲ್ಲಿ ಪೆರಿಗ್ರಿನ್ ಅಲ್ಲವೇ ಅಲ್ಲ. ಆದರೆ ಮಗುವನ್ನು ಶಾಲೆಗೆ ಸೇರಿಸುವ ದಿನ ಕಾನೂನು ಬೇರೆ, ಬದುಕು ಬೇರೆ ಅಂತ ಗೊತ್ತಾಗುತ್ತದೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕು ಎನ್ನುತ್ತದೆ, 1956ರಲ್ಲಿ ಸೇರಿಸಿದ 350ಎ ವಿಧಿ. 'ಯತ್ನಿಸಬೇಕು' ಎಂಬ ಆ ಒಂದು ಮಾತಿನಲ್ಲಿ ಎಷ್ಟು ಮಕ್ಕಳ ಕನ್ನಡ ಸೋರಿಹೋಯಿತೋ!

ಊರಿಗೆ ಬಂದಾಗ "ಪಾಪ, ಅಲ್ಲಿ ಹ್ಯಾಗಿರ್ತೀರೋ" ಅಂತ ನೀವು ಕೇಳುತ್ತೀರಿ. ಅದರಲ್ಲಿ ಪ್ರೀತಿ ಇದೆ, ಇಲ್ಲವೆನ್ನುವುದಿಲ್ಲ. ಆದರೆ ನಮಗೆ ಬೇಕಾಗಿರುವುದು ಮರುಕವಲ್ಲ. ಒಂದು ಕನ್ನಡ ಶಾಲೆ ಉಳಿಯಲು ಪುಸ್ತಕ ಬೇಕು, ಮೇಷ್ಟ್ರು ಬೇಕು. ಇನ್ನೊಂದು ಮಾತು: ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಬಂದ ಬಿಹಾರದವನನ್ನೂ ನಾವು ಅದೇ ಪದದಿಂದ ಅಳೆಯುತ್ತೇವಲ್ಲ, ಅವನ ಮಗುವಿಗೂ ಇದೇ ವಿಧಿ ಅನ್ವಯಿಸುತ್ತದೆ.

ಆ ಡೇಗೆಯ ಒಂದು ಉಪಜಾತಿ ನಮ್ಮ ಬಂಡೆಬೆಟ್ಟಗಳಲ್ಲೇ ಗೂಡು ಕಟ್ಟುತ್ತದೆ, ಹೆಸರು ಶಾಹೀನ್. ವಲಸೆ ಹೋಗುವ ಹಕ್ಕಿ ಅದಲ್ಲ. ಆದರೂ ಸುಂಡೆವಾಲ್ 1837ರಲ್ಲಿ ಅದಕ್ಕೆ ಕೊಟ್ಟ ವೈಜ್ಞಾನಿಕ ಹೆಸರು 'ಪೆರೆಗ್ರಿನೇಟರ್', ಅಲೆಮಾರಿ! ಪಾಪ, ಹಕ್ಕಿಗೆ ಆ ಹೆಸರು ತಿಳಿಯದು. ನಮ್ಮ ಮಕ್ಕಳಿಗೆ ತಿಳಿಯುತ್ತದೆ.