ಸಂತ ಬೆನೆಡಿಕ್ಟರ ನಿಯಮಗ್ರಂಥ: ಒಂದು ಪರಾಮರ್ಶೆ

ಮಠದ ಅನ್ನವುಂಡು, ಅಕ್ಷರ ಕಲಿತು, ಇಂದು ತುಮಕೂರಿನಲ್ಲೋ ಗುಬ್ಬಿಯಲ್ಲೋ ಕುಣಿಗಲಿನಲ್ಲೋ ಉದ್ಯೋಗ ವ್ಯವಹಾರಗಳಲ್ಲಿ ನಿರತರಾಗಿರುವ ತಮ್ಮಲ್ಲಿ ಅನೇಕರಿಗೆ ಒಂದು ಅನುಭವವು ಸಮಾನವಾಗಿರಬೇಕು. ಸಿದ್ಧಗಂಗೆಯ ಬಯಲಿನಲ್ಲಿ ಸಾವಿರಾರು ಮಕ್ಕಳೊಡನೆ ಕುಳಿತು ಪ್ರಾರ್ಥಿಸಿದ ಕಂಠವು ಮಠದ ಬಾಗಿಲು ದಾಟಿದ ಕೆಲವೇ ವರ್ಷಗಳಲ್ಲಿ ಮೌನವಾಗಿಬಿಡುತ್ತದೆ. ಗಂಟೆ ಬಾರಿಸುವವರಿಲ್ಲದ ಮನೆಯಲ್ಲಿ ಪ್ರಾರ್ಥನೆಯು ಉಳಿಯುವುದೆಂತು? ಈ ಪ್ರಶ್ನೆಯನ್ನು ಮನದಲ್ಲಿಟ್ಟುಕೊಂಡೇ ನಾನು ಕ್ಯಾಥೊಲಿಕ್ ಸಂನ್ಯಾಸಿಗಳ ನಿತ್ಯಜೀವನಕ್ಕೆ ಆಧಾರವಾದ ಬೆನೆಡಿಕ್ಟರ ನಿಯಮಗ್ರಂಥವನ್ನು ಓದಿದೆನು.

ಬೆನೆಡಿಕ್ಟರು ಸುಮಾರು ಕ್ರಿ.ಶ. 480ರಲ್ಲಿ ಇಟಲಿಯ ನುರ್ಸಿಯದಲ್ಲಿ ಜನಿಸಿ, ಮೊಂತೆ ಕ್ಯಾಸಿನೊ ಬೆಟ್ಟದಲ್ಲಿ ಮಠ ಕಟ್ಟಿದವರು. ಅವರ ಲ್ಯಾಟಿನ್ ಗ್ರಂಥದಲ್ಲಿ 73 ಕಿರು ಅಧ್ಯಾಯಗಳಿವೆ. ಇದು ದೂರದೇಶದ ವಾರ್ತೆಯೆಂದು ತಾವು ಬದಿಗಿಡಬೇಕಾಗಿಲ್ಲ. ಬೆಂಗಳೂರಿನ ಕೆಂಗೇರಿಯ ಬಳಿ 1957ರಿಂದ ನೆಲೆಗೊಂಡಿರುವ ಆಶೀರ್ವನಂ ಮಠವು ಇದೇ ನಿಯಮವನ್ನು ಪಾಲಿಸುತ್ತದೆ. ಆಂಗ್ಲ ಸಂನ್ಯಾಸಿ ಬೀಡ್ ಗ್ರಿಫಿತ್ಸರು 1955ರಲ್ಲಿ ಭಾರತಕ್ಕೆ ಬಂದಾಗ ಮೊದಲು ಮಠ ಕಟ್ಟಲು ಯತ್ನಿಸಿದ್ದೂ ಕೆಂಗೇರಿಯಲ್ಲಿಯೇ. ಆ ಬಳಿಕ 1958ರಲ್ಲಿ ಬೆಲ್ಜಿಯಂನ ಫ್ರಾನ್ಸಿಸ್ ಆಚಾರ್ಯರೊಡನೆ ಕೇರಳದ ಕುರಿಸುಮಲೆಯಲ್ಲಿ ಅವರು ಕಾವಿಯುಟ್ಟು, ನೆಲದ ಮೇಲೆ ಕುಳಿತು ಪ್ರಾರ್ಥಿಸಿ, ಗೋಸಾಕಣೆಯಿಂದ ಜೀವಿಸುವ ಆಶ್ರಮವನ್ನು ಆರಂಭಿಸಿದರು.

ಗ್ರಂಥದ 8ರಿಂದ 18ರವರೆಗಿನ ಅಧ್ಯಾಯಗಳು ಪ್ರಾರ್ಥನೆಯ ವೇಳೆಯನ್ನು ಕುರಿತವು. ಬೆಳಗಿನ ಜಾವಕ್ಕೂ ಮುಂಚೆ ಎದ್ದು ಒಮ್ಮೆ, ಹಗಲಿನಲ್ಲಿ ಏಳು ಬಾರಿ. ಬೈಬಲಿನ 150 ಕೀರ್ತನೆಗಳೂ ವಾರದೊಳಗೆ ಮುಗಿಯಬೇಕು. ಓದುಗನಿಗೆ ಇವು ಪಂಚಾಂಗ ಓದಿದಂತೆ ನೀರಸವೆಂದು ಒಪ್ಪಿಕೊಳ್ಳಲೇಬೇಕು. ಆದರೂ ಕೀರ್ತನೆಗಳ ಹಂಚಿಕೆಯಲ್ಲಿ ಇದಕ್ಕಿಂತ ಉತ್ತಮ ಕ್ರಮ ತೋರಿದವರು ಹಾಗೆಯೇ ಮಾಡಲೆಂದು ಬೆನೆಡಿಕ್ಟರೇ ಅನುಮತಿಸಿದ್ದಾರೆ. ನಿಯಮ ಬರೆದವರಲ್ಲಿ ಇಂತಹ ವಿನಯ ವಿರಳ. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಹಗಲಿನ ಒಂದು ಪ್ರಾರ್ಥನೆಯನ್ನು ಕೈಬಿಡಲಾಯಿತು. ಲ್ಯಾಟಿನ್ನಿನ ಸ್ಥಾನಕ್ಕೆ ದೇಶಭಾಷೆಗಳೂ ಬಂದವು.

ನನ್ನ ದೃಷ್ಟಿಯಲ್ಲಿ ಗ್ರಂಥದ ಸಾರವಿರುವುದು ಗರ್ಭಗುಡಿಯಲ್ಲಲ್ಲ, ಅಡುಗೆಮನೆಯಲ್ಲಿ. 35ನೆಯ ಅಧ್ಯಾಯದಂತೆ ಸಂನ್ಯಾಸಿಗಳು ವಾರಕ್ಕೊಬ್ಬರಂತೆ ಅಡುಗೆ ಮಾಡಿ ಬಡಿಸಬೇಕು. ವಾರದ ಕೊನೆಯಲ್ಲಿ ಎಲ್ಲರ ಪಾದ ತೊಳೆಯಬೇಕು. ಉಣ್ಣುವಾಗ ಮಾತಿಲ್ಲ, ಒಬ್ಬನು ಗಟ್ಟಿಯಾಗಿ ಓದುತ್ತಾನೆ, ಉಳಿದವರು ಕೇಳುತ್ತಾರೆ. (ನಮ್ಮ ಪ್ರಸಾದ ನಿಲಯದ ಗದ್ದಲವನ್ನು ನೆನೆದು ನಾನು ನಕ್ಕೆನು.) 53ನೆಯದು ಬಂದ ಅತಿಥಿಯನ್ನು ಕ್ರಿಸ್ತನೆಂದೇ ಬರಮಾಡಿಕೊಳ್ಳಲು ವಿಧಿಸುತ್ತದೆ, ಅದರಲ್ಲಿಯೂ ಬಡವರನ್ನೂ ಯಾತ್ರಿಕರನ್ನೂ. ದಾಸೋಹವನ್ನು ಬಲ್ಲ ತಮಗೆ ಇದನ್ನು ವಿವರಿಸಬೇಕಾಗಿಲ್ಲ.

ಕಾಯಕದ ವಿಷಯದಲ್ಲಿ ಮಾತ್ರ ನನಗೊಂದು ಆಕ್ಷೇಪಣೆಯಿತ್ತು. 48ನೆಯ ಅಧ್ಯಾಯದಲ್ಲಿ ದುಡಿಮೆಯು ಆಲಸ್ಯಕ್ಕೆ ಮದ್ದಾಗಿ ಬಂದಿದೆ. ಆಯ್ದಕ್ಕಿ ಮಾರಯ್ಯನಲ್ಲಿಯಂತೆ ಅದೇ ಪೂಜೆಯ ಪದವಿಗೇರಿಲ್ಲ. ಆದರೆ 31ನೆಯ ಅಧ್ಯಾಯದಲ್ಲಿ, ಮಠದ ಪಾತ್ರೆಪರಿಕರಗಳನ್ನು ಪೂಜಾಪಾತ್ರೆಗಳೆಂದೇ ಕಾಣಬೇಕೆಂದು ಉಗ್ರಾಣಿಗೆ ಹೇಳಿರುವುದನ್ನು ಓದಿದಾಗ ನನ್ನ ಆಕ್ಷೇಪಣೆಯು ಅರ್ಧ ಕರಗಿತು. ಉಳಿದರ್ಧವು ಇಂದಿಗೂ ಇದೆ.

ದೋಷಗಳನ್ನು ಮುಚ್ಚಿಡುವುದು ವಿಮರ್ಶೆಯಲ್ಲ. ಪ್ರಾರ್ಥನೆಯಲ್ಲಿ ತಪ್ಪಿದ ಬಾಲಕರಿಗೆ ಏಟು ಕೊಡಬೇಕೆಂದು 45ನೆಯ ಅಧ್ಯಾಯ ಹೇಳುತ್ತದೆ. ಹೆತ್ತವರು ಎಳೆಯ ಮಗನನ್ನು ಮಠಕ್ಕೆ ಅರ್ಪಿಸುವ ವಿಧಿಯು 59ನೆಯದರಲ್ಲಿದೆ. ಆ ಮಗನಿಗೆ ಹೊರಬರುವ ದಾರಿಯನ್ನು ಅದು ಇಟ್ಟಿಲ್ಲ. ಕಾಲಧರ್ಮವೆಂದು ಇದನ್ನು ಮನ್ನಿಸುವವರಿದ್ದಾರೆ. ಮಗುವನ್ನು ಓದಿಸಿ, ಬೆಳೆಸಿ, ಲೋಕಕ್ಕೆ ಕಳುಹಿಸಿಕೊಡುವ ಮಠದಿಂದ ಬಂದ ನಾನು ಮನ್ನಿಸಲಾರೆ.

ಹಾಗಾದರೆ ಹೊರಗೆ ಹೋದವನ ಪ್ರಾರ್ಥನೆಯ ಗತಿಯೇನು? ಕೊನೆಯುಸಿರಿನವರೆಗೂ ಒಂದೇ ಮಠದಲ್ಲಿರುವ ವ್ರತ ತೊಟ್ಟವರ ಗ್ರಂಥದಲ್ಲಿ ಇದಕ್ಕೆ ಉತ್ತರ ದೊರೆಯದೆಂದೇ ಎಣಿಸಿದ್ದೆನು. ಆದರೆ 50ನೆಯ ಅಧ್ಯಾಯವು ಕೆಲವೇ ಸಾಲುಗಳದ್ದು. ಬಹುಜನರು ದಾಟಿ ಹೋಗುವಂತಹದು. ದೂರದ ಹೊಲದಲ್ಲಿ ದುಡಿಯುತ್ತಿರುವವನು ಹೊತ್ತಿಗೆ ಸರಿಯಾಗಿ ಗುಡಿಗೆ ಬರಲಾಗದಿದ್ದರೆ, ದುಡಿಯುವ ನೆಲದಲ್ಲಿಯೇ ಮೊಣಕಾಲೂರಿ ಪ್ರಾರ್ಥನೆ ಸಲ್ಲಿಸಲಿ. ದಾರಿಯಲ್ಲಿರುವವನೂ ತನ್ನಿಂದಾದಂತೆ ವೇಳೆಯನ್ನು ಕಾಯಲಿ ಎಂಬುದು ಅದರ ಆಶಯ. ಕುಣಿಗಲು ಸೀಮೆಯ ಕಗ್ಗೆರೆಯ ತೋಟದಲ್ಲಿ ಶಿವಯೋಗಕ್ಕೆ ಕುಳಿತ ತೋಂಟದ ಸಿದ್ಧಲಿಂಗರಿಗೂ ಗಂಟೆ ಬಾರಿಸುವವರು ಯಾರಿದ್ದರು!

ಗುಬ್ಬಿಯಿಂದ ತುಮಕೂರಿಗೆ ಬರುವ ರೈಲಿನಲ್ಲಿ ಈ ಅಧ್ಯಾಯವನ್ನು ಎರಡನೆಯ ಬಾರಿ ಓದಿ ಪುಸ್ತಕ ಮಡಿಚಿದಾಗ ಹೊರಗೆ ಹೊತ್ತು ಮುಳುಗುತ್ತಿತ್ತು. ಬೋಗಿಯಲ್ಲಿ ನಿಲ್ಲಲೂ ಸ್ಥಳವಿರಲಿಲ್ಲ. ಎದೆಯ ಮೇಲಿನ ಕರಡಿಗೆಯನ್ನು ಅಂಗಿಯ ಮೇಲಿನಿಂದಲೇ ಮುಟ್ಟಿ ನೋಡಿಕೊಂಡು, ಕಣ್ಣು ಮುಚ್ಚಿದೆನು.